ನೆರವಿನ ಹಂಗು

ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಎರಡನೆಯ ವರ್ಷ. ಸೆಮಿಸ್ಟರ್ ರಜೆಗೆ ಊರಿಗೆ ಬಂದವಳು ಒಂದು ಸಂಜೆ ನಮ್ಮ ಮನೆಗೆ ಬಂದು, ಚಹಾ ಕುಡಿದು ಮುಗಿಸುವ ತನಕ ಏನೂ ಮಾತಾಡದೆ, ಆಮೇಲೆ ಕೇಳಿದಳು: "ಮಾಮೂ, ಸಹಾಯ ಮಾಡಿದವರನ್ನು ಕಂಡರೆ ಜನ ಮುಖ ತಿರುಗಿಸೋದು ಯಾಕೆ?"

ವಿಷಯ ಇಷ್ಟು. ಅವಳ ಹಾಸ್ಟೆಲ್ಲಿನಲ್ಲಿ ಮೊದಲ ವರ್ಷದ ಒಬ್ಬ ಹುಡುಗಿ. ಹಳ್ಳಿಯವಳು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಪಿಯುಸಿ ತಾಲೂಕು ಕೇಂದ್ರದ ಸರಕಾರಿ ಕಾಲೇಜಿನಲ್ಲಿ. ಗಣಿತದಲ್ಲಿ ಬಹಳ ಚುರುಕು, ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದೇ ಬಂದವಳು. ಆದರೆ ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಬೆರಳಿಟ್ಟದ್ದು ಕಾಲೇಜಿಗೆ ಬಂದ ಮೇಲೆ. ಸಿ ಭಾಷೆಯ ಲ್ಯಾಬಿನಲ್ಲಿ ಅಕ್ಕಪಕ್ಕದವರು ಬೇಗ ಮುಗಿಸಿ ಎದ್ದು ಹೋಗುವಾಗ ಇವಳ ಪರದೆಯ ತುಂಬ ಎರರ್. ನಮ್ಮ ಹುಡುಗಿಯ ಮನಸ್ಸು ಕರಗಿತು. ತನ್ನ ಹಿಂದಿನ ವರ್ಷದ ಲ್ಯಾಬ್ ರೆಕಾರ್ಡ್ ಕೊಟ್ಟಳು. ಎಲ್ಲ ಪ್ರೋಗ್ರಾಮ್‌ಗಳನ್ನೂ ವಾಟ್ಸಾಪಿನಲ್ಲಿ ಕಳಿಸಿದಳು. ಓದುವ ಕೋಣೆಯಲ್ಲಿ ಆಕೆ ಒದ್ದಾಡುತ್ತಿದ್ದರೆ, "ಸರಿ, ಇಲ್ಲಿ ಕೊಡು" ಎಂದು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬರೆದುಬಿಡುತ್ತಿದ್ದಳು. ಎರಡು ನಿಮಿಷದ ಕೆಲಸ.

ಸೆಮಿಸ್ಟರ್ ಕೊನೆಯ ಲ್ಯಾಬ್ ಪರೀಕ್ಷೆಯಲ್ಲಿ ಆ ಹುಡುಗಿಗೆ ಬಂದ ಚೀಟಿ: ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯುವ ಪ್ರೋಗ್ರಾಮ್. ಬಾಯಿಪಾಠ ಮಾಡಿದ್ದಳು, ಒಂದು ಅಲ್ಪವಿರಾಮವೂ ತಪ್ಪದಂತೆ ಬರೆದಳು. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ದೊಡ್ಡ ಸಂಖ್ಯೆಯ ಬದಲು ಚಿಕ್ಕದನ್ನು ಮೊದಲು ಕೊಟ್ಟರೆ ಏನಾಗುತ್ತದೆ? ಆಕೆ ಸುಮ್ಮನೆ ನಿಂತಳು. ಅದೇ ಪ್ರೋಗ್ರಾಮನ್ನು ಸ್ವಲ್ಪ ತಿದ್ದಿ ಲ.ಸಾ.ಅ. ಕೂಡ ಬರುವಂತೆ ಮಾಡು ಎಂದರು. ಆಗಲಿಲ್ಲ. ಆ ವಿಷಯದಲ್ಲಿ ಫೇಲಾದಳು. ಅಂದಿನಿಂದ ನಮ್ಮ ಹುಡುಗಿಯ ಜೊತೆ ಮಾತಿಲ್ಲ.

ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಆದರೆ ಮ.ಸಾ.ಅ. ಎಂಬ ಮಾತು ಕೇಳಿದೊಡನೆ ನನ್ನ ಎಂಟನೆಯ ತರಗತಿಯ ಬೆಂಚು ನೆನಪಾಯಿತು. ಏಳನೆಯವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದವನು. ನಮಗೆ ಅದು 'ಆದೆ ಆಜಮ್'. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ, ಬಾರದ್ದು ಲೆಕ್ಕವಲ್ಲ, ಅದರ ಹೆಸರು. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ, ಹೊಳೆಯಬೇಕೆಂದೂ ಇಲ್ಲ. ಹೊಳೆದದ್ದು ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ. ಅವನು ಉತ್ತರ ಹೇಳಿಕೊಡುತ್ತಿರಲಿಲ್ಲ. "ಇದಕ್ಕೆ ನಿಮ್ಮಲ್ಲಿ ಏನಂತಾರೋ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ, ಅವನು ನಗುತ್ತ ಅದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದ. ವರ್ಷ ಮುಗಿಯುವಷ್ಟರಲ್ಲಿ ಅವನಿಗೆ ತನ್ನ ಹೆಸರನ್ನು ಉರ್ದುವಿನಲ್ಲಿ ಬರೆಯಲು ಬರುತ್ತಿತ್ತು, ನನಗೆ ಬೀಜಗಣಿತ ಬರುತ್ತಿತ್ತು. ಆ ಬೆಂಚಿನಲ್ಲಿ ಕೊಡುವವನು ಯಾರು, ಪಡೆಯುವವನು ಯಾರು ಎಂದು ಯಾರಾದರೂ ಕೇಳಿದ್ದರೆ ನಮಗಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರೋಗ್ರಾಮಿಂಗಿನ ಮೊದಲ ಪಾಠದಲ್ಲಿ ಎಡವುವುದು ಆ ಹಳ್ಳಿಯ ಹುಡುಗಿಯೊಬ್ಬಳ ಕತೆಯಲ್ಲ. 2007ರಲ್ಲಿ ಹಲವು ದೇಶಗಳ ಕಾಲೇಜುಗಳಿಂದ ಮಾಹಿತಿ ಕೂಡಿಸಿ ನೋಡಿದಾಗ ಈ ಆರಂಭದ ಪಾಠದಲ್ಲಿ ಸರಾಸರಿ ಮೂರರಲ್ಲಿ ಒಬ್ಬರು ತೇರ್ಗಡೆಯಾಗುತ್ತಿರಲಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. 2019ರಲ್ಲಿ ಮತ್ತೆ ನೋಡಿದಾಗ ಶೇಕಡಾ 28. ಹೊಸಬರ ಮೂಲ ತಪ್ಪೊಂದನ್ನು ರಾಯ್ ಪೀ ಎಂಬ ಸಂಶೋಧಕರು 1986ರಲ್ಲೇ ಗುರುತಿಸಿದ್ದರು: ನಮ್ಮ ಮನಸ್ಸಿನಲ್ಲಿರುವುದನ್ನು ಊಹಿಸಿಕೊಳ್ಳುವ ಒಂದು ಬುದ್ಧಿ ಯಂತ್ರದೊಳಗೆ ಅಡಗಿದೆ ಎಂಬ ನಂಬಿಕೆ. ಜೀವಮಾನವೆಲ್ಲ ಮನುಷ್ಯರ ಜೊತೆ ಮಾತಾಡಿದವರಿಗೆ, ಬರೆದದ್ದನ್ನು ಬಿಟ್ಟು ಇನ್ನೇನನ್ನೂ ತಿಳಿಯದ ಕೇಳುಗನೊಬ್ಬ ಇರುತ್ತಾನೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. 'ಎಕ್ಸ್ = ಎಕ್ಸ್ + 1' ಎಂಬ ಸಾಲನ್ನೇ ನೋಡಿ. ಗಣಿತ ಚೆನ್ನಾಗಿ ಕಲಿತವಳಿಗೆ ಅದು ಶುದ್ಧ ಸುಳ್ಳು. ಎಷ್ಟು ಚೆನ್ನಾಗಿ ಕಲಿತಿದ್ದಾಳೋ ಅಷ್ಟು ಹೆಚ್ಚು ಗೊಂದಲ. ಇಲ್ಲಿ ಆ ಚಿಹ್ನೆ 'ಸಮ' ಎಂದು ಹೇಳುತ್ತಿಲ್ಲ, 'ಇದನ್ನು ಅಲ್ಲಿ ಇಡು' ಎಂದು ಹೇಳುತ್ತಿದೆ ಎಂಬುದನ್ನು ಯಾರಾದರೂ ಹೇಳಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ಪ್ರಾಧ್ಯಾಪಕರಿಗೆ ಇದರಲ್ಲಿ ತೊಡಕೇನಿತ್ತು ಎಂಬುದೇ ಮರೆತುಹೋಗಿರಬಹುದು. ಕಳೆದ ವರ್ಷ ಅದೇ ಸಾಲಿನ ಮುಂದೆ ಕಣ್ಣೀರು ಹಾಕಿದವಳಿಗೆ ಮರೆತಿರುವುದಿಲ್ಲ. ಹಿರಿಯ ವಿದ್ಯಾರ್ಥಿಯ ಬಳಿ ಇರುವ ಬಂಡವಾಳ ಜ್ಞಾನವಲ್ಲ, ಈ ನೆನಪು. ನಮ್ಮ ಹುಡುಗಿ ಕೊಟ್ಟದ್ದು ಜ್ಞಾನವನ್ನು. ನೆನಪನ್ನು ತನ್ನಲ್ಲೇ ಇಟ್ಟುಕೊಂಡಳು.

ಮದರಸಾಗಳಲ್ಲಿ ಓದಿದವರಿಗೆ 'ತಕರಾರ್' ಗೊತ್ತಿರುತ್ತದೆ. ಕನ್ನಡಕ್ಕೆ ಬರುವಾಗ ಆ ಪದ ಜಗಳವಾಗಿಬಿಟ್ಟಿತು. ಮೂಲದಲ್ಲಿ ಅದರ ಅರ್ಥ ಮತ್ತೆ ಮತ್ತೆ ಹೇಳುವುದು. ಉಸ್ತಾದರ ಪಾಠ ಮುಗಿದ ಮೇಲೆ, ಸಾಮಾನ್ಯವಾಗಿ ಸಂಜೆಯ ಹೊತ್ತು, ಹುಡುಗರು ಸಣ್ಣ ಗುಂಪುಗಳಾಗಿ ಕೂರುತ್ತಾರೆ. ಅವರಲ್ಲೇ ಒಬ್ಬ ಆ ದಿನದ ಪಾಠವನ್ನು ಮೊದಲಿನಿಂದ ಹೇಳುತ್ತಾನೆ, ಉಳಿದವರು ತಡೆದು ಕೇಳುತ್ತಾರೆ. ಪಾಠ ಅರ್ಥವಾಗದವನೊಬ್ಬನಿಗಾಗಿ ಇಟ್ಟ ವಿಶೇಷ ವ್ಯವಸ್ಥೆಯಲ್ಲ ಅದು. ಎಲ್ಲರೂ ಕೂರಬೇಕು. ಹಾಗಾಗಿ ಕೂತದ್ದಕ್ಕೆ ಯಾರಿಗೂ ನಾಚಿಕೆಯಿಲ್ಲ. ಇನ್ನೂ ಹಿಂದೆ, ಮಧ್ಯಯುಗದ ಬಗ್ದಾದ್, ಕೈರೋಗಳ ಮದರಸಾಗಳಲ್ಲಿ ಪಾಠವನ್ನು ಮತ್ತೆ ಹೇಳಿಕೊಡಲೆಂದೇ 'ಮುಈದ್' ಎಂಬ ಹುದ್ದೆಯಿತ್ತು. ಗುರುವಿಗೂ ಶಿಷ್ಯರಿಗೂ ನಡುವೆ ನಿಂತವನು ಅವನು. ಈಜಿಪ್ಟಿನ ವಿಶ್ವವಿದ್ಯಾಲಯಗಳಲ್ಲಿ ಹೊಸದಾಗಿ ಪದವಿ ಪಡೆದು ಪಾಠಕ್ಕೆ ನೆರವಾಗುವವರನ್ನು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ.

ಎಲ್ಲರೂ ಕೂರಬೇಕು ಎಂಬ ಈ ಅಂಶವನ್ನು ನಾನು ಸುಮ್ಮನೆ ಒತ್ತಿ ಹೇಳುತ್ತಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬವರು, ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳೇ ಯಾಕೆ ಹೆಚ್ಚಾಗಿ ಹಿಂದೆ ಬೀಳುತ್ತಾರೆಂದು ಹುಡುಕಲು ಹೊರಟರು. ಮನೆಯಲ್ಲಿ ಪ್ರೋತ್ಸಾಹವಿಲ್ಲ, ತಯಾರಿ ಸಾಲದು, ಆಸಕ್ತಿಯಿಲ್ಲ ಎಂದು ಸಹೋದ್ಯೋಗಿಗಳ ಬಳಿ ಕಾರಣಗಳು ಸಿದ್ಧವಾಗಿದ್ದವು. (ನಮ್ಮ ಮಕ್ಕಳ ಬಗ್ಗೆ ಸ್ಟಾಫ್ ರೂಮುಗಳಲ್ಲಿ ಕೇಳಿಬರುವ ಮಾತುಗಳೂ ಇವೇ.) ಟ್ರೈಸ್‌ಮನ್ ವಿದ್ಯಾರ್ಥಿಗಳು ಓದುವಲ್ಲಿಗೇ ಹೋಗಿ ನೋಡಿದರು. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಓದು ಬೇರೆ, ಗೆಳೆತನ ಬೇರೆ ಎಂದು ಇಟ್ಟಿದ್ದರು. ಚೆನ್ನಾಗಿ ಪಾಸಾಗುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಒಬ್ಬೊಬ್ಬರೇ ಓದಿದ ಮೇಲೆ ಒಟ್ಟಿಗೆ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಇಷ್ಟು ತಿಳಿದ ಮೇಲೆ ಟ್ರೈಸ್‌ಮನ್ ಹಿಂದುಳಿದವರಿಗಾಗಿ ಕ್ಲಾಸು ತೆರೆಯಲಿಲ್ಲ. ಬುದ್ಧಿವಂತರಿಗೆಂದೇ ಎಂಬಂತೆ ಇನ್ನೂ ಕಷ್ಟದ ಲೆಕ್ಕಗಳನ್ನು ಕೊಟ್ಟು, ಒಟ್ಟಿಗೆ ಕೂರಿಸಿದರು. ಹಾಗೆ ಕೂತವರ ಫಲಿತಾಂಶ ಮೇಲೆದ್ದಿತು. 1973ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕಾಲೇಜಿನಲ್ಲಿ ಡಿಯಾನಾ ಮಾರ್ಟಿನ್ ಶುರುಮಾಡಿದ ಪದ್ಧತಿಯೂ ಹೀಗೆಯೇ. ಹಿರಿಯ ವಿದ್ಯಾರ್ಥಿ ಕಿರಿಯರ ಜೊತೆ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳುತ್ತಾನೆ, ಆಮೇಲೆ ಅವರನ್ನು ಸೇರಿಸಿಕೊಂಡು ಚರ್ಚಿಸುತ್ತಾನೆ. ಅಲ್ಲಿ ಗುರುತಿಸುವುದು ದಡ್ಡ ವಿದ್ಯಾರ್ಥಿಯನ್ನಲ್ಲ, ಕಷ್ಟದ ಪಾಠವನ್ನು.

ನಮ್ಮಲ್ಲಿ ತದ್ವಿರುದ್ಧ. 'ಸ್ಲೋ ಲರ್ನರ್ಸ್' ಎಂದು ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುವ ಕಾಲೇಜುಗಳಿವೆ. ಕಾಲೇಜುಗಳನ್ನಷ್ಟೇ ಯಾಕೆ ಹೇಳಲಿ? ನಮ್ಮ ಸಮುದಾಯದ ಸಭೆಗಳಲ್ಲಿ ಬಡ ವಿದ್ಯಾರ್ಥಿಗೆ ಚೆಕ್ ಕೊಡುವಾಗ ಅವನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಆ ಚೆಕ್ಕಿನ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಫೋಟೋ ತೆಗೆಸುವುದನ್ನು ನೋಡಿದ್ದೇವೆ. ಅಲ್ಗಾರಿದಮ್ ಎಂಬ ಪದ ಹುಟ್ಟಿದ್ದು ಒಂಬತ್ತನೆಯ ಶತಮಾನದ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಎಂದು ಅದೇ ವೇದಿಕೆಯಲ್ಲಿ ಭಾಷಣವೂ ಆಗುತ್ತದೆ. ನಾನೂ ಮಾಡಿದ್ದೇನೆ. ಆ ಹೆಮ್ಮೆಯಿಂದ ಒಂದು ಮಗುವೂ ಲ್ಯಾಬ್ ಪರೀಕ್ಷೆ ಪಾಸಾಗಿಲ್ಲ. ಕೊಟ್ಟದ್ದನ್ನು ಎತ್ತಾಡಿ, ಪಡೆದವರ ಮನ ನೋಯಿಸಿ ದಾನವನ್ನು ವ್ಯರ್ಥಗೊಳಿಸಬಾರದೆಂದು ಕುರ್‌ಆನಿನ ಅಲ್ ಬಕರಃ ಅಧ್ಯಾಯ ಎಚ್ಚರಿಸುತ್ತದೆ. ಅರಬಿಯಲ್ಲಿ ಇಹ್ಸಾನ್ ಎಂದರೆ ಮಾಡುವುದನ್ನು ಸುಂದರವಾಗಿ ಮಾಡುವುದು. ಉರ್ದುವಿಗೆ ಬಂದು ಎಹ್ಸಾನ್ ಆಗುವಷ್ಟರಲ್ಲಿ ಅದು ಪಡೆದವನ ತಲೆಯ ಮೇಲಿನ ಹೊರೆಯಾಯಿತು. ಕನ್ನಡದಲ್ಲಿ ಅದಕ್ಕೆ ಹಂಗು ಎನ್ನುತ್ತೇವೆ.

ನಮ್ಮ ಹುಡುಗಿ ಎತ್ತಾಡಿದವಳಲ್ಲ. ಒಂದು ಮಾತೂ ಆಡಿಲ್ಲ. ಆದರೆ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ ಪ್ರತಿಸಲವೂ ಅವಳ ಕೈ ಒಂದು ಮಾತು ಹೇಳಿತ್ತು: ಇದು ನಿನ್ನಿಂದಾಗದು. ಆ ಮಾತು ಆಕೆಗೆ ಕೇಳಿಸಿತ್ತು. ಅನ್ಯಾಯಕ್ಕೆ ಒಳಗಾದ ಸೋದರನಿಗೂ ಅನ್ಯಾಯ ಮಾಡುವ ಸೋದರನಿಗೂ ನೆರವಾಗಬೇಕೆಂದು ಪ್ರವಾದಿಯವರು ಹೇಳಿದಾಗ, ಎರಡನೆಯವನಿಗೆ ನೆರವಾಗುವುದು ಹೇಗೆಂದು ಸಂಗಾತಿಗಳು ಕೇಳಿದ್ದರು. ಅವನ ಕೈ ತಡೆಯುವುದೇ ನೆರವು ಎಂಬುದು ಅವರಿಗೆ ಸಿಕ್ಕ ಉತ್ತರ. ರೆಕಾರ್ಡ್ ನಕಲು ಮಾಡಲು ಕೇಳುವ ಕಿರಿಯರ ಕೈ ತಡೆಯಬೇಕೆಂದು ನಾವು ಬೇಗ ಹೇಳುತ್ತೇವೆ. ಕೊಡಲು ಚಾಚಿದ ಕೈಯನ್ನೂ ಕೆಲವೊಮ್ಮೆ ತಡೆಯಬೇಕಾಗುತ್ತದೆ ಎಂಬುದು ನನಗೂ ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಇದಕ್ಕೆ ಎದುರಾಗಿ ಹೇಳಬೇಕಾದ ಮಾತುಗಳೂ ಇವೆ. ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳಿಗೆ ಕಲಿಸುವುದು ಅಗ್ಗ, ಅಪಾಯವಿರುವುದೂ ಅಲ್ಲೇ. 1789ರಲ್ಲಿ ಮದ್ರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿಯ ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡರು. ಅದನ್ನು ತಮ್ಮ ಶಾಲೆಯಲ್ಲಿ ತರಲು ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಗೆ ಆ ಕೆಲಸ ಒಪ್ಪಿಸಿದರು. ನಮ್ಮ ಕೂಲಿಮಠಗಳಲ್ಲೂ ದೊಡ್ಡ ಹುಡುಗರು ಚಿಕ್ಕವರ ಕೈ ಹಿಡಿದು ತಿದ್ದಿಸುವುದಿತ್ತು. ಬೆಲ್ 1797ರಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದರು, ಇಂಗ್ಲೆಂಡಿನಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಆದರೆ ಅಲ್ಲಿ ಅದು ಬಡವರ ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಒಬ್ಬನೇ ಮಾಸ್ತರನ ಸಂಬಳದಲ್ಲಿ ಓದಿಸುವ ಕಾರಖಾನೆಯಾಯಿತು. ಖಾಲಿ ಹುದ್ದೆಗಳನ್ನು ತುಂಬದ ಕಾಲೇಜು ಮೂರನೆಯ ವರ್ಷದವರನ್ನು ಮೊದಲ ವರ್ಷದವರಿಗೆ 'ಮೆಂಟರ್' ಮಾಡಿ ಕೈತೊಳೆದುಕೊಂಡರೆ ಅದನ್ನು ಪರೋಪಕಾರವೆಂದು ಕರೆಯಲಾಗದು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹೀಗೆ ಕಲಿಸುವ ವಿದ್ಯಾರ್ಥಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾರೆ, ಕಲಿಸುವುದು ಹೇಗೆಂದು ತರಬೇತಿಯನ್ನೂ ಕೊಡುತ್ತಾರೆ. ಹಣ ಪಡೆದರೆ ಪುಣ್ಯ ಕಡಿಮೆಯಾಗುತ್ತದೆಂದು ನಾನು ನಂಬುವುದಿಲ್ಲ. ಹಂಗಂತೂ ಕಡಿಮೆಯಾಗುತ್ತದೆ.

ಇನ್ನೊಂದು ತೊಡಕು ರ್‍ಯಾಗಿಂಗಿನದು. 2009ರ ಯುಜಿಸಿ ನಿಯಮಗಳು ಹೊಸಬರನ್ನು ಆದಷ್ಟು ಬೇರೆ ಹಾಸ್ಟೆಲ್ ಬ್ಲಾಕಿನಲ್ಲಿಡಬೇಕೆಂದವು. ಸರಿಯಾದ ನಿಯಮವೇ. ಎಷ್ಟು ಮಕ್ಕಳ ಪ್ರಾಣ ಹೋದ ಮೇಲೆ ಬಂದದ್ದು. ಆದರೆ ಹಿರಿಯರು ಕಿರಿಯರ ಬಳಿ ಸುಳಿಯಲೇಬಾರದು ಎಂಬಲ್ಲಿಗೆ ಅದನ್ನು ಎಳೆದ ಕಾಲೇಜುಗಳಲ್ಲಿ ಕಾಟ ಕೊಡುವವರ ಜೊತೆಗೆ ಕೈ ಹಿಡಿಯುವವರೂ ದೂರವಾದರು. ಹುಡುಗಿಯರ ವಿಷಯದಲ್ಲಿ ಮನೆಯವರ ಕಾವಲು ಬೇರೆ. ಹಿರಿಯ ಹುಡುಗನ ಬಳಿ ಪಾಠ ಕೇಳಿದಳೆಂದು ಓದು ನಿಲ್ಲಿಸುವ ಮಾತು ಬಂದದ್ದನ್ನು ನಾನು ಕೇಳಿದ್ದೇನೆ. ಹುಡುಗಿಯರೇ ಮೆಂಟರ್‌ಗಳಾಗಿ ಸಿಕ್ಕರೆ ಅಂಥ ಮನೆಗಳ ಬಾಗಿಲು ಸ್ವಲ್ಪವಾದರೂ ತೆರೆಯುತ್ತದೆ.

"ಈಗ ಯಾರೂ ಸೀನಿಯರ್‌ಗಳನ್ನು ಕೇಳೋದಿಲ್ಲ ಮಾಮೂ, ಚಾಟ್‌ಜಿಪಿಟಿ ಕೇಳ್ತಾರೆ" ಎಂದಳು ನಮ್ಮ ಹುಡುಗಿ. ನಿಜ. 2022ರ ಕೊನೆಯಲ್ಲಿ ಅದು ಬಂದ ಮೇಲೆ ಮೊದಲ ವರ್ಷದ ಪ್ರೋಗ್ರಾಮ್‌ಗಳೆಲ್ಲ ಕೆಲವೇ ಕ್ಷಣಗಳಲ್ಲಿ ಸಿಗುತ್ತವೆ. ಯಂತ್ರದ ಬಳಿ ಕೇಳುವುದರಲ್ಲಿ ಒಂದು ಸುಖವಿದೆ ಎಂಬುದನ್ನು ಒಪ್ಪಬೇಕು: ಹಂಗಿಲ್ಲ. ಹತ್ತು ಸಲ ಕೇಳಿದರೂ ಅದು ಹುಬ್ಬೇರಿಸುವುದಿಲ್ಲ. ಹಳ್ಳಿಯಿಂದ ಬಂದ ನಾಚಿಕೆಯ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ನಮ್ಮ ಹುಡುಗಿ ಮಾಡಿದ ತಪ್ಪನ್ನೇ ಅದೂ ಮಾಡುತ್ತದೆ, ಇನ್ನೂ ಬೇಗ ಮಾಡುತ್ತದೆ. ಕೇಳಿದೊಡನೆ ಬರೆದುಕೊಟ್ಟುಬಿಡುತ್ತದೆ. "ಅರ್ಥ ಆಯ್ತಾ?" ಎಂದಾಗ "ಹ್ಞೂಂ ಅಕ್ಕಾ" ಎನ್ನುವ ಮುಖ ನೋಡಿ, ಅರ್ಥವಾಗಿಲ್ಲವೆಂದು ತಿಳಿದು ಸುಮ್ಮನೆ ಕಾಯುವುದು ಪಕ್ಕದಲ್ಲಿ ಕೂತವಳಿಂದಲೇ ಆಗಬೇಕು.

ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. ನನ್ನ ಬೆಂಚಿನ ಗೆಳೆಯನ ಕತೆ ಮಾತ್ರ ಹೇಳಿದೆ. "ಆ ಹುಡುಗಿ ಹತ್ತಿರ ನೀನು ಯಾವತ್ತಾದರೂ ಏನಾದರೂ ಕೇಳಿದ್ದೀಯಾ?" ಎಂದೆ. ಇಲ್ಲವೆಂದಳು.

ಕಾಲೇಜು ಶುರುವಾಗಿ ಮೂರು ವಾರಕ್ಕೆ ಫೋನ್ ಬಂತು. ಈ ಸೆಮಿಸ್ಟರಿನಲ್ಲಿ ಅವಳಿಗೆ ಸಂಭವನೀಯತೆಯ ಲೆಕ್ಕಗಳಿವೆಯಂತೆ, ತಲೆಗೆ ಹತ್ತುತ್ತಿಲ್ಲವಂತೆ. ನೋಟ್‌ಬುಕ್ ಹಿಡಿದು ಆ ಹುಡುಗಿಯ ಬಳಿಗೇ ಹೋದಳಂತೆ. ಮೊದಲ ದಿನ ಆಕೆ ಬರೀ ಲೆಕ್ಕ ಹೇಳಿಕೊಟ್ಟು ಎದ್ದು ಹೋದಳು. ನಾಲ್ಕನೆಯ ದಿನ ತಾನಾಗಿಯೇ ಲ್ಯಾಪ್‌ಟಾಪ್ ತೆಗೆದು ಅದೇ ಮ.ಸಾ.ಅ. ಪ್ರೋಗ್ರಾಮನ್ನು ತೆರೆದಳು. ನಮ್ಮ ಹುಡುಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಹನ್ನೆರಡು ಮೊದಲು, ಹದಿನೆಂಟು ಆಮೇಲೆ. ಆಕೆ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪ್ರತಿ ಸುತ್ತಿನಲ್ಲಿ ಯಾವ ಸಂಖ್ಯೆ ಎಲ್ಲಿ ಹೋಗುತ್ತದೆಂದು ಬರೆಯುತ್ತ ಹೋದಳು. ಹನ್ನೆರಡನ್ನು ಹದಿನೆಂಟರಿಂದ ಭಾಗಿಸಿದರೆ ಉಳಿಯುವುದು ಹನ್ನೆರಡೇ. ಅಂದರೆ ಮೊದಲ ಸುತ್ತಿನಲ್ಲಿ ಎರಡೂ ಸಂಖ್ಯೆಗಳು ತಮ್ಮಷ್ಟಕ್ಕೆ ಜಾಗ ಬದಲಿಸಿಕೊಳ್ಳುತ್ತವೆ, ಅಷ್ಟೇ. ಉತ್ತರ ಆರು, ಹೇಗೆ ಕೊಟ್ಟರೂ ಆರು. ಇದನ್ನು ಕಾಣಲು ಇಪ್ಪತ್ತೈದು ನಿಮಿಷ ಹಿಡಿಯಿತು.

"ನಾನು ಏನೂ ಹೇಳಿಲ್ಲ ಮಾಮೂ. ಕೈಯೆಲ್ಲ ಜೋಮು ಹಿಡಿದಿತ್ತು."

"ಈಗ ಮಾತಾಡ್ತಾಳಾ?"

"ಮಾತಾಡ್ತಾಳೆ. ನನ್ನ ಲೆಕ್ಕ ತಪ್ಪಿದರೆ ಬೈಯ್ತಾಳೆ."