ಚಪ್ಪಾಳೆ ಕೂಲಿಯಾದೀತೇ?

ಭಾನುವಾರ ಬಲಿಪೂಜೆಯ ಗಾನವೃಂದದಲ್ಲಿ ನುಡಿಸುವ ನಮ್ಮ ಹುಡುಗರೇ ತಂಡ ಕಟ್ಟಿಕೊಂಡು ಮದುವೆಗೋ ಹಬ್ಬಕ್ಕೋ ಗಿಟಾರ್, ಡ್ರಮ್ಸ್ ಹೊತ್ತು ಬರುತ್ತಾರೆ. ಏನು ಕೊಡುತ್ತೇವೆ? ಒಂದು ಊಟ. "ನಮ್ಮ ಹುಡುಗರೇ ಅಲ್ಲವೇ?" ಎನ್ನುತ್ತೇವೆ.

ಕಂಪನಿಯ ಆಸರೆಯಿಲ್ಲದ ತಂಡಕ್ಕೆ ಊರಿನ ಕೇಳುಗರೇ ಆಧಾರ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ರಾಕ್ ತಂಡ ಪರರ ಹಾಡುಗಳ ನಕಲಿಗೆ ಅಂಟಿಕೊಳ್ಳದೆ ಸ್ವಂತ ಹಾಡು ಕಟ್ಟಿತು. (ಅದು ಬರೀ ಗದ್ದಲವೆಂದು ಹಿರಿಯರು ಮೂಗು ಮುರಿಯಬಹುದು, ಆ ಮಾತು ಬೇರೆ.) 'ಪ್ಲಾನ್ ಬಿ' ಆಲ್ಬಂ ಅನ್ನು ಅಂತರಜಾಲದಲ್ಲಿ ಉಚಿತವಾಗಿಯೇ ಹಂಚಿತು.

ಕೊಡುವವರು ಉಚಿತವೆಂದರೆ ಪಡೆದವರ ಋಣ ತೀರಿತೇ?

ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪವನ್ನು ನೀವು ನೋಡಿರಬಹುದು. ಸಿರಿಸಂಪತ್ತು ತೊರೆದ ದಾಸರು ಹಾಡನ್ನು ಮಾರಲಿಲ್ಲ, ನಿಜ. ಕಲಾವಿದರಿಗೆ ಹಣವೇಕೆ ಎನ್ನುವವರು ಇದನ್ನೇ ಎತ್ತಿ ಹೇಳುತ್ತಾರೆ. ಆದರೆ ದಾಸರು ಹಾಡುತ್ತ ಬಾಗಿಲಿಗೆ ಬಂದಾಗ ಮನೆಯವರು ಜೋಳಿಗೆಗೆ ಅಕ್ಕಿ ಹಾಕುತ್ತಿದ್ದರು. ಆ ಅರ್ಧವನ್ನು ಮಾತ್ರ ಮರೆತುಬಿಡುತ್ತೇವೆ. ಅವರ ತ್ಯಾಗವನ್ನು ಹೊಗಳುವ ನಾವು ನಮ್ಮ ಹಿಡಿ ಅಕ್ಕಿಯನ್ನು ಉಳಿಸಿಕೊಂಡಿದ್ದೇವೆ.

ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಶಾಮಿಯಾನದವರಿಗೆ, ಜನರೇಟರಿನವರಿಗೆ ಮುಂಗಡ ಕೊಡದೆ ಕಾರ್ಯಕ್ರಮ ನಡೆಯದು. ಖರ್ಚಿನ ಪಟ್ಟಿಯಲ್ಲಿ ಹಾಡುವ ಹುಡುಗರ ಹೆಸರಿರುವುದಿಲ್ಲ. ಗಿಟಾರಿನ ತಂತಿ ಹರಿದರೆ, ರಾತ್ರಿ ಕಂಪ್ಲಿಯ ಬಸ್ಸು ಹತ್ತಬೇಕಾದರೆ, ದುಡ್ಡು ಅವರ ತಾಯಿಯ ಸೆರಗಿನ ಗಂಟಿನಿಂದಲೇ ಬರಬೇಕು.