ಇಂದಿನ ಅನ್ನ, ನಾಳಿನ ನ್ಯಾಯ

ಹಸಿದವನ ಮುಂದೆ ಕುಳಿತು ಸಮಾಜದ ಪುನರ್ರಚನೆಯ ಮಾತನಾಡುವುದು ಕರುಣೆಯೋ, ಕ್ರೌರ್ಯವೋ? ಹಾಗೆಂದು ಒಂದು ತುತ್ತನ್ನಿತ್ತು, ಹಸಿವಿನ ಮೂಲವನ್ನು ಮುಟ್ಟದೆ ಬಿಡುವುದಾದರೂ ಧರ್ಮವೆ? ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಕಾರ್ಮಿಕರು ರಾಷ್ಟ್ರವ್ಯಾಪಿ ಸಂಘಗಳನ್ನು ಕಟ್ಟಹೊರಟಾಗ ಅವರಿಗೆ ಎದುರಾದುದು ಈ ಪ್ರಶ್ನೆಯೇ.

1866ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕಾರ್ಮಿಕ ಒಕ್ಕೂಟದ ಜೀವಾಳ ವಿಲಿಯಂ ಸಿಲ್ವಿಸ್, ಕಬ್ಬಿಣದ ಎರಕ ಹೊಯ್ಯುವವನು. ಊರೂರಿನ ಎರಕದ ಮನೆಗಳಲ್ಲಿ, ಸಂಘ ಕಟ್ಟಿರೆಂದು ಬೇಡುತ್ತ ನಿಂತಾಗ ಸಿಡಿದ ಕಾದ ಲೋಹದ ಹನಿಗಳಿಂದ ಅವನ ಶಾಲಿನ ತುಂಬ ತೂತುಗಳಾಗಿದ್ದುವಂತೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಅವನ ಬೇಡಿಕೆ. ಕೂಲಿ ಪದ್ಧತಿಯೇ ಅಳಿದು ದುಡಿಯುವವರ ಸಹಕಾರ ಸಂಘಗಳು ಬೆಳೆಯಬೇಕೆಂಬುದು ಅವನ ಕನಸು. ಅವನು 1869ರಲ್ಲಿ ತೀರಿಕೊಂಡ. ನಾಣ್ಯ ಸುಧಾರಣೆಯ, ರಾಜಕೀಯ ಪಕ್ಷದ ಹಾದಿ ಹಿಡಿದ ಒಕ್ಕೂಟ 1872ರ ಚುನಾವಣೆಯ ಹೊತ್ತಿಗೆ ಕರಗಿತು.

ಫಿಲಡೆಲ್ಫಿಯದ ದರ್ಜಿಗಳು 1869ರಲ್ಲಿ ಗುಟ್ಟಾಗಿ ಆರಂಭಿಸಿದ 'ನೈಟ್ಸ್ ಆಫ್ ಲೇಬರ್' ಸಂಘದ ಬಾಗಿಲು ಇನ್ನೂ ಅಗಲ. ಕುಶಲಿಗಳು, ಕೂಲಿಗಳು, ಹೆಂಗಸರು, ನೀಗ್ರೋ ಜನ, ಎಲ್ಲರಿಗೂ ಪ್ರವೇಶ. ವಕೀಲರಿಗೆ, ಬ್ಯಾಂಕಿನವರಿಗೆ, ಹೆಂಡ ಮಾರುವವರಿಗೆ ಇಲ್ಲ. (ವಕೀಲ ಮಿತ್ರರು ಕ್ಷಮಿಸಬೇಕು.) ಮುಖಂಡ ಪೌಡರ್ಲಿಗೆ ಮುಷ್ಕರವೆಂದರೆ ಹಿಂಜರಿಕೆ. ಆದರೂ 1885ರಲ್ಲಿ ರೈಲ್ವೆ ಧಣಿ ಜೇ ಗೌಲ್ಡನ ವಿರುದ್ಧ ಮುಷ್ಕರ ಗೆದ್ದಿತು. ಮರುವರ್ಷ ಸದಸ್ಯರು ಸುಮಾರು 7 ಲಕ್ಷ! ಅದೇ 1886ರ ಮೇ ತಿಂಗಳಲ್ಲಿ ಷಿಕಾಗೋದ ಹೇಮಾರ್ಕೆಟ್ಟಿನಲ್ಲಿ ಸಿಡಿದ ಬಾಂಬಿನ ಕಳಂಕ ಸಂಘಕ್ಕೂ ಅಂಟಿತು, ಸಂಘ ಇಳಿಮುಖವಾಯಿತು.

ಈ ವಿಶಾಲ ಹೃದಯವನ್ನು ಕೊಂಡಾಡುವ ಮುನ್ನ ನಾವು ಇನ್ನೊಂದನ್ನೂ ನೆನೆಯಬೇಕು. ಚೀನೀಯರಿಗೆ ಅಲ್ಲಿ ಎಡೆಯಿರಲಿಲ್ಲ. ಅವರ ವಲಸೆಯನ್ನು ತಡೆದ 1882ರ ಕಾನೂನನ್ನು ಸಂಘ ಬೆಂಬಲಿಸಿತು. 1885ರಲ್ಲಿ ವಯೋಮಿಂಗಿನ ರಾಕ್ ಸ್ಪ್ರಿಂಗ್ಸಿನಲ್ಲಿ ಬಿಳಿಯ ಗಣಿ ಕೆಲಸಗಾರರು 28 ಮಂದಿ ಚೀನೀಯರನ್ನು ಕೊಂದರು. ಕೊಂದವರ ಗುಂಪಿನಲ್ಲಿ ಈ ಸಂಘದವರೂ ಇದ್ದರು. 'ಎಲ್ಲರೂ' ಎಂಬ ಮಾತು ಎಷ್ಟು ಬೇಗ ಮುಗಿದುಹೋಗುತ್ತದೆ!

ಮೂರನೆಯವನು ಸ್ಯಾಮ್ಯುಯೆಲ್ ಗಾಂಪರ್ಸ್, ಸಿಗಾರು ಸುತ್ತುವ ಕೆಲಸಗಾರ. ಆ ಕೊಠಡಿಗಳಲ್ಲಿ ಒಬ್ಬ ಪುಸ್ತಕ ಓದಿ ಹೇಳುತ್ತಿದ್ದ. ಅವನ ಕೂಲಿಗೆ ಖೋತಾ ಬಾರದಂತೆ ಉಳಿದವರು ತಾವು ಸುತ್ತಿದ ಸಿಗಾರುಗಳಲ್ಲಿ ಕೆಲವನ್ನು ಕೊಡುತ್ತಿದ್ದರು. ಗಾಂಪರ್ಸನ ನೀತಿಯೆಲ್ಲ ಆ ಮೇಜಿನಲ್ಲೇ ಇದೆಯೆಂದು ನನಗೆ ತೋರುತ್ತದೆ: ಒಬ್ಬರನ್ನೊಬ್ಬರು ಬಲ್ಲ ಕುಶಲಿಗಳು, ಲೆಕ್ಕ ತಪ್ಪದ ಸಹಾಯ. 1886ರ ಡಿಸೆಂಬರಿನಲ್ಲಿ ಅವನು ಕಟ್ಟಿದ ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಜಗತ್ತನ್ನು ತಿದ್ದಹೋಗಲಿಲ್ಲ. ಹೆಚ್ಚು ಕೂಲಿ, ಕಡಿಮೆ ಗಂಟೆ, ಕರಾರು ಪತ್ರ, ಇಷ್ಟೇ. ಅದು ಬಾಳಿತು.

ಬಾಳಿದ್ದರಿಂದಲೇ ಅದು ಸರಿಯೆ? ಕೆಲಸಗಾರನ ಹೆಂಡತಿಗೆ ವಾರದ ಕೊನೆಗೆ ಬಂದ ಎರಡು ಡಾಲರು ಹೆಚ್ಚಿನ ಕೂಲಿಯನ್ನು ಅಲ್ಪವೆನ್ನುವ ಅಧಿಕಾರ, ಹೊಟ್ಟೆ ತುಂಬಿದ ನಮಗಿಲ್ಲ. ಆದರೆ ಮೇಜಿನ ಸುತ್ತ ಕುಳಿತವರ ಲೆಕ್ಕ ಎಷ್ಟೇ ಚೊಕ್ಕಟವಾಗಿರಲಿ, ಹೊರಗೆ ನಿಂತವನ ಹೆಸರು ಆ ಪುಸ್ತಕದಲ್ಲಿ ಬರುವುದಿಲ್ಲ. ಉಕ್ಕಿನ, ಮೋಟಾರಿನ ಕಾರ್ಖಾನೆಗಳ ಸಾಮಾನ್ಯ ಕೂಲಿಗಳನ್ನು ಒಳಕರೆಯಲು ಫೆಡರೇಷನ್ನಿನೊಳಗಿಂದಲೇ ಜಾನ್ ಲೂಯಿಸ್ ಮತ್ತು ಸಂಗಡಿಗರು ಎದ್ದು ನಿಂತದ್ದು 1935ರಲ್ಲಿ. ಅಷ್ಟರಲ್ಲಿ ಗಾಂಪರ್ಸ್ ತೀರಿಕೊಂಡು ಹನ್ನೊಂದು ವರ್ಷ. 1886ರಲ್ಲಿ ಹೊರಗುಳಿದ ಕೂಲಿಯ ಮೊಮ್ಮಗನಿಗೂ ದುಡಿಯುವ ವಯಸ್ಸಾಗಿತ್ತು.