ಪಂಚು ಹೊಡೆದ ನಂಬರು

ಬಿಎಸ್‌ಎ ಎಂ20 ಬಿಚ್ಚಲು ಕೂತವನಿಗೆ ಮೊದಲು ಅಡ್ಡ ಬರುವುದು ತುಕ್ಕಲ್ಲ, ಪಾನಾ. ನಮ್ಮ ಮನೆಗಳಲ್ಲಿರುವ ಮಿಲಿಮೀಟರ್ ಪಾನಾಗಳು ಅದರ ನಟ್ಟುಗಳಿಗೆ ಸರಿಯಾಗಿ ಕೂರುವುದಿಲ್ಲ. ಹತ್ತಿರದ ಅಳತೆಯದನ್ನು ಹಾಕಿ ಬಲವಂತ ಮಾಡಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಬೇಕಾದದ್ದು ವಿಟ್‌ವರ್ತ್ ಪಾನಾ. ಜೋಸೆಫ್ ವಿಟ್‌ವರ್ತ್ ಎಂಬಾತ 1841ರಲ್ಲಿ ಬ್ರಿಟನ್ನಿನ ತಿರುಪುಗಳಿಗೆಲ್ಲ ಒಂದೇ ಅಳತೆ ಇರಲಿ ಎಂದು ಮುಂದಿಟ್ಟ ಲೆಕ್ಕ ಅದು. ಪಾನಾದ ಮೇಲಿನ ಅಂಕಿ ಅದರ ಬಾಯಿಯ ಅಗಲವಲ್ಲ, ಬೋಲ್ಟಿನ ದಪ್ಪ. ಇದು ತಲೆಗೆ ಹೋಗಲು ನನಗೆ ಒಂದು ವಾರ ಹಿಡಿಯಿತು, ಸೆಟ್ಟು ಹೊಂದಿಸಲು ನಾಲ್ಕು ಭಾನುವಾರ. ಪುಣೆಯ ಮಂಗಳವಾರ ಪೇಠೆಯಲ್ಲಿ ಬುಧವಾರ, ಭಾನುವಾರ ಕೂಡುವ ಜುನಾ ಬಾಜಾರಿನಲ್ಲಿ, ನೆಲದ ಮೇಲೆ ಹರಡಿದ ಗುಜರಿ ಕೆದಕಿ ಒಂದೊಂದಾಗಿ ಆರಿಸಿದೆ.

ಎಂ20 ಎರಡನೇ ಮಹಾಯುದ್ಧದ ಗಾಡಿ. 496 ಸಿಸಿಯ ಒಂಟಿ ಸಿಲಿಂಡರು, ಸೈಡ್ ವಾಲ್ವು, ಮುಂದೆ ಗರ್ಡರ್ ಫೋರ್ಕು. ಸೇನೆಗೆಂದು ಸುಮಾರು 1,26,000 ತಯಾರಾದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಮಂದಿಯ ಕೈಗೆ ಬಂದವು. ನನ್ನದು ಹಾಗೆ ಎಷ್ಟು ಕೈ ದಾಟಿದೆಯೋ, ಟ್ಯಾಂಕಿನ ಬಣ್ಣ ಕೆರೆದಾಗ ಅಂದಾಜಾಯಿತು: ಕಪ್ಪು, ಅದರಡಿ ಕೆಂಪು, ಅದರಡಿ ಇನ್ನೊಂದು ಕೆಂಪು, ಕೊನೆಗೆ ಮಣ್ಣಿನ ಬಣ್ಣ.

ಟೈರು, ಚೈನು, ವೈರಿಂಗು, ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಬದಲಿಸುವಾಗ ಮನಸ್ಸಿಗೆ ಏನೂ ಅನಿಸಲಿಲ್ಲ. ಸೀಟನ್ನು ನಾನಾ ಪೇಠೆಯಲ್ಲಿ ಹೊಸದಾಗಿ ಹೊಲಿಸಿದೆ. ಪ್ರಶ್ನೆ ಎದ್ದದ್ದು ಕ್ರ್ಯಾಂಕ್‌ಕೇಸಿನಲ್ಲಿ. ಎಡಭಾಗದ ಅಲ್ಯೂಮಿನಿಯಂ ಕೆಳಗೆ ಸೀಳಿತ್ತು, ಹಿಂದೆ ಯಾರೋ ಎಂ-ಸೀಲ್ ಮೆತ್ತಿ ಕಾಲ ತಳ್ಳಿದ್ದರು. ನನಗೆ ಕೆಲಸ ಕಲಿಸುತ್ತಿದ್ದ ಮೆಕ್ಯಾನಿಕ್ ಕಾಕಾರ ಬಳಿ ಇನ್ನೊಂದು ಎಂ20ರ ಜೋಡಿ ಕೇಸು ಇತ್ತು, ಗಟ್ಟಿಮುಟ್ಟಾದದ್ದು. ನಂಬರು ಇರಬೇಕಾದ ಜಾಗ ಮಾತ್ರ ಅರ ಉಜ್ಜಿ ನುಣ್ಣಗಾಗಿತ್ತು. ಕಾಕಾ ತಮ್ಮ ಅಂಕಿ ಪಂಚುಗಳ ಡಬ್ಬಿ ತೆಗೆದು, ‘ನಿಮ್ಮ ನಂಬರು ಇದಕ್ಕೇ ಹೊಡೆದುಕೊಡ್ತೀನಿ ಸಾಹೇಬ. ಕಾಗದದಲ್ಲಿರೋದು ಲೋಹದ ಮೇಲಿದ್ದರಾಯಿತು’ ಎಂದರು ಮರಾಠಿಯಲ್ಲಿ.

ಮೇಲ್ನೋಟಕ್ಕೆ ಅವರ ಮಾತಿನಲ್ಲಿ ತಪ್ಪಿಲ್ಲ. ಮಿಲಿಂದನ ಪ್ರಶ್ನೆಗಳಲ್ಲಿ ನಾಗಸೇನ ಭಿಕ್ಷು ಅರಸನನ್ನು ಕೇಳುತ್ತಾನಲ್ಲ: ನೀನು ಬಂದ ರಥ ಯಾವುದು, ಅಚ್ಚೇ, ಗಾಲಿಯೇ, ನೊಗವೇ? ಬಿಡಿಬಿಡಿಯಾಗಿ ಯಾವುದೂ ರಥವಲ್ಲ, ಎಲ್ಲ ಸೇರಿದಾಗ ನಾವಿಡುವ ಹೆಸರು ಅದು. ಹಾಗಿದ್ದ ಮೇಲೆ ಪಿಸ್ಟನ್ ಬದಲಿಸಿದವನು ಕೇಸು ಬದಲಿಸಲು ಏಕೆ ಹಿಂಜರಿಯಬೇಕು? ‘ಬ್ರಿಟಿಷ್ ಬೈಕು’ ಎಂಬ ಹೆಸರಾದರೂ ಈಗ ಎಲ್ಲಿದೆ? ರಾಯಲ್ ಎನ್‌ಫೀಲ್ಡ್ 1955ರಲ್ಲಿ ಮದರಾಸಿಗೆ ಬಂತು, ಅದರ ಇಂಗ್ಲೆಂಡಿನ ಮೂಲಮನೆ ಮುಚ್ಚಿ ಅರ್ಧ ಶತಮಾನವಾಯಿತು. ಬಿಎಸ್‌ಎ ಹೆಸರು 2016ರಲ್ಲಿ ಮಹೀಂದ್ರಾ ಬಳಗಕ್ಕೆ, ನಾರ್ಟನ್ 2020ರಲ್ಲಿ ಟಿವಿಎಸ್‌ಗೆ ಬಂದವು. 2023ರಿಂದ ಟ್ರಯಂಫ್‌ನ 400 ಸಿಸಿ ಗಾಡಿಗಳು ಇಲ್ಲೇ ಪುಣೆಯ ಪಕ್ಕದ ಚಾಕಣದಲ್ಲಿ, ಬಜಾಜ್ ಕಾರ್ಖಾನೆಯಲ್ಲಿ ತಯಾರಾಗುತ್ತಿವೆ. ಮೈಸೂರಿನಲ್ಲಿ ಬೆಳೆದವರನ್ನು ಕೇಳಿ, ಜಾವಾ ಚೆಕ್ ದೇಶದ್ದೆಂದು ಒಪ್ಪುವವರು ಎಷ್ಟು ಮಂದಿ ಸಿಕ್ಕಾರು!

ಇನ್ನೊಂದು ತಮಾಷೆ ಇದೆ. ಯುದ್ಧಕಾಲದ ಗಾಡಿಗಳಲ್ಲಿ ‘ಅಸಲಿ ಎಂಜಿನ್’ ಎಂಬ ಮಡಿಯೇ ಇರಲಿಲ್ಲ. ಸೇನೆಯ ವರ್ಕ್‌ಶಾಪಿನಲ್ಲಿ ಕೆಟ್ಟ ಎಂಜಿನ್ ಇಳಿಸಿ, ರಿಪೇರಿಯಾಗಿ ಕೂತಿದ್ದ ಇನ್ನೊಂದನ್ನು ಏರಿಸಿ ಕಳಿಸುತ್ತಿದ್ದರು. ಚಾಸಿ ನಂಬರು, ಎಂಜಿನ್ ನಂಬರು ಹುಟ್ಟಿನಿಂದ ಜೊತೆಗಿರಲಿ ಎಂದು ಬಯಸುವುದು ಸಂಗ್ರಾಹಕರ ನಂತರದ ಆಸೆ. ಆ ಆಸೆಗೆ ಮಾರುಕಟ್ಟೆಯಲ್ಲಿ ಬೆಲೆ ಬಂದದ್ದರಿಂದಲೇ ಕಾಕಾರಂಥವರ ಡಬ್ಬಿಗೆ ಕೆಲಸ.

ಹಾಗಾದರೆ ಹೊಡೆಸಿಬಿಡಬಹುದಿತ್ತಲ್ಲ? ನನ್ನನ್ನು ತಡೆದದ್ದು ಹಾಬ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ. ಹಲಗೆ ಹಲಗೆಯಾಗಿ ಬದಲಾದ ಥೀಸಿಯಸನ ಹಡಗಿನ ಕಥೆಗೆ ಆತ ಒಂದು ತಿರುವು ಕೊಟ್ಟ: ಬಿಸಾಕಿದ ಹಳೆಯ ಹಲಗೆಗಳನ್ನು ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ? ಆತನಿಗೆ ಅದು ತರ್ಕದ ಸಮಸ್ಯೆ, ಪುಣೆಯಲ್ಲಿ ಅದು ಭಾನುವಾರದ ವ್ಯಾಪಾರ. ನನ್ನ ಸೀಳಿದ ಕೇಸು ಗುಜರಿಗೆ ಹೋದರೆ ಜುನಾ ಬಾಜಾರಿನಲ್ಲಿ ಯಾರಾದರೂ ಕೊಂಡು ಬೆಸುಗೆ ಹಾಕಿಸಿಯಾನು. ಒಂದೇ ನಂಬರಿನ ಎರಡು ಎಂ20ಗಳು ಓಡಾಡುತ್ತವೆ, ಮೂಲ ಲೋಹ ಇರುವುದು ಅವನದರಲ್ಲಿ. ಆ ಉಜ್ಜಿದ ಕೇಸೂ ಯಾರದೋ ಗಾಡಿಯದು. ಅದರ ನಂಬರು ಏಕೆ ಹೋಯಿತೆಂದು ಕಾಕಾರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ಹಾಗೇ ಬಂದಿತ್ತಂತೆ.

ನಂಬರು ಪಿಸ್ಟನ್ನಿನಂತೆ ಒಂದು ಬಿಡಿಭಾಗವಲ್ಲ ಅನಿಸಿದ್ದು ಆಗ. ಪಿಸ್ಟನ್ ಏನನ್ನೂ ಹೇಳುವುದಿಲ್ಲ, ಮೇಲೆ ಕೆಳಗೆ ಓಡುತ್ತದೆ ಅಷ್ಟೆ. ನಂಬರು ಮಾತಾಡುತ್ತದೆ: ಕಾರ್ಖಾನೆಯವನು ಮುಂದೆ ಓದುವವನಿಗೆ ಬಿಟ್ಟ ಒಂದು ವಾಕ್ಯ ಅದು. ಭಾಗ ಬದಲಿಸಿದರೆ ಗಾಡಿ ಬದಲಾಗಬಹುದು, ಆಗದಿರಬಹುದು, ಆ ಚರ್ಚೆ ನಾಗಸೇನನಿಗಿರಲಿ. ಇನ್ನೊಬ್ಬನ ವಾಕ್ಯವನ್ನು ನಾನು ಅವನ ಕೈಬರಹದಲ್ಲಿ ಬರೆದರೆ ಮಾತ್ರ ಅದಕ್ಕೆ ಬೇರೆಯೇ ಹೆಸರಿದೆ. ಎಂಜಿನ್ ಬದಲಾದರೆ ಅದನ್ನು ಆರ್‌ಸಿಯಲ್ಲಿ ದಾಖಲಿಸುವ ದಾರಿ ಕಾನೂನಿನಲ್ಲಿದೆ. ಉದ್ದದ ದಾರಿ, ಆದರೂ ಇದೆ.

ಕಾಕಾರಿಗೆ ಇದು ಓದಿದವರ ಚಟ. ಅವರ ಕೋಪಕ್ಕೂ ನ್ಯಾಯವಿದೆ. ಇಂಥ ಗಾಡಿಗಳು ಎಪ್ಪತ್ತು ಎಂಬತ್ತು ವರ್ಷ ಉಳಿದದ್ದು ಮ್ಯೂಸಿಯಮ್ಮಿನಿಂದಲ್ಲ; ಇನ್ನೊಂದು ಗಾಡಿಯ ಭಾಗ ತಂದು ಕೂರಿಸಿ, ಇಲ್ಲದ್ದನ್ನು ಲೇಥಿನಲ್ಲಿ ಕಡೆಸಿ, ಕಿಕ್ ಹೊಡೆದು ಕಳಿಸಿದ ಇಂಥ ಕೈಗಳಿಂದ. ಅಸಲಿತನದ ಪಾಠವನ್ನು ಅವರಿಗೆ ಹೇಳಲು ನಾನು ಯಾರು? ಅದಕ್ಕೇ ವಾದ ಬಿಟ್ಟು, ಹಳೆಯ ಕೇಸಿಗೇ ಬೆಸುಗೆ ಹಾಕಿಸೋಣ ಎಂದೆ. ಖರ್ಚು ಹೆಚ್ಚು, ಬೇರಿಂಗಿನ ಮನೆಯನ್ನು ಮತ್ತೆ ಬೋರ್ ಮಾಡಿಸಬೇಕು, ಬೆಸುಗೆ ಎಷ್ಟು ದಿನ ತಾಳುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಬೆಸುಗೆಯ ಗೆರೆಯನ್ನು ಗ್ರೈಂಡರ್ ಹಿಡಿದು ಮರೆಮಾಡುವುದು ಬೇಡ ಎಂದೆ. ಈಗ ಅದು ಕಂಬಳಿಹುಳದಂತೆ ಕಾಣುತ್ತದೆ. ಟ್ಯಾಂಕಿನ ಅಡಿಯಲ್ಲಿ ಅಂಗೈಯಗಲ ಹಳೆಯ ಬಣ್ಣಗಳನ್ನೂ ಹಾಗೆಯೇ ಬಿಟ್ಟಿದ್ದೇನೆ.

ಇಷ್ಟಾದರೂ ತೊಡಕು ತೀರಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ವಿಂಟೇಜ್ ವಾಹನ ಎಂದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ದೊಡ್ಡ ಮಟ್ಟದ ಮಾರ್ಪಾಡಿಗೆ ಒಳಗಾಗದ ಗಾಡಿ. ಚಾಸಿ, ಬಾಡಿ, ಎಂಜಿನ್ ಮೂರೂ ಆ ಲೆಕ್ಕಕ್ಕೆ ಬರುತ್ತವೆ. ಕಂಬಳಿಹುಳ ರಿಪೇರಿಯೋ ಮಾರ್ಪಾಡೋ? ಪಂಚು ಹೊಡೆಸಿದವನ ಕೇಸು ಸಪಾಟಾಗಿರುತ್ತದೆ, ಅವನನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನಿಯಮ ಬರೆದವರನ್ನು ದೂರಿ ಫಲವಿಲ್ಲ, ನಾಗಸೇನನಿಗೇ ಪುಟಗಟ್ಟಲೆ ಬೇಕಾದದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಬೇಕಿತ್ತು.

ಅರ್ಜಿಯ ಜೊತೆ ಲಗತ್ತಿಸಲು ಬದಲಿಸಿದ ಭಾಗಗಳ ಪಟ್ಟಿ ಮಾಡಿದ್ದೇನೆ, ಎರಡು ಪುಟವಾಗಿದೆ. ಗಾಡಿ ಮಾರಿದರೂ ಅದರ ಪ್ರತಿ ಜೊತೆಗೆ ಹೋಗಬೇಕು. ಮೊದಲು ಕನ್ನಡದಲ್ಲಿ ಬರೆದಿದ್ದೆ, ಆಮೇಲೆ ಕೊಳ್ಳುವವನು ಇಲ್ಲಿಯವನೇ ಆದಾನೆಂದು ಮರಾಠಿಯಲ್ಲಿ ಬರೆಯುತ್ತಿದ್ದೇನೆ. ಕಾಕಾ ಕನ್ನಡಕ ಏರಿಸಿ ಓದಿ, ಕಾಗುಣಿತ ತಿದ್ದಿ, ಏಳನೆಯ ಸಾಲು ಸುಳ್ಳು ಎಂದರು: ಸೈಲೆನ್ಸರು ನಾವು ಬದಲಿಸುವ ಮೊದಲೇ ಅಸಲಿಯಾಗಿರಲಿಲ್ಲವಂತೆ.